ಒಂದೇ ಹಿಮನದಿಯನ್ನು ಎರಡು ಕಡೆಯಿಂದ ನೋಡುವುದು: ಕಲಬುರಗಿ ಭಾಗದವರಿಗೆ ಆಲ್ಪ್ಸ್ ಪ್ರವಾಸದ ಯೋಜನೆ

ಆಲ್ಪ್ಸ್ ಪರ್ವತಗಳಿಗೆ ಹೊರಡುವ ನಮ್ಮ ಭಾಗದ ಅನೇಕ ಕುಟುಂಬಗಳು ಹತ್ತು ದಿನಗಳಲ್ಲಿ ಐದಾರು ದೇಶಗಳನ್ನು ತೋರಿಸುವ ಪ್ಯಾಕೇಜನ್ನು ಆರಿಸಿಕೊಳ್ಳುತ್ತವೆ. ಅಂತಹ ಪ್ರವಾಸದಲ್ಲಿ ಹಿಮನದಿಯ ಪಾಲಿಗೆ ಬರುವುದು ಒಂದು ಮಧ್ಯಾಹ್ನದ ಎರಡು ತಾಸು ಮಾತ್ರ. ಆ ಎರಡು ತಾಸಿನಲ್ಲಿ ಮೋಡ ಕವಿದರೆ ಅದೂ ಇಲ್ಲ. ಇಷ್ಟು ದೂರ, ಇಷ್ಟು ಖರ್ಚು ಮಾಡಿಕೊಂಡು ಹೋಗುವವರು ಊರುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಒಂದೇ ಹಿಮನದಿಯನ್ನು ಆರಿಸಿಕೊಂಡು, ಅದರ ಸುತ್ತ ಇಡೀ ರಜೆಯನ್ನು ಹೆಣೆಯುವುದೇ ಸರಿಯಾದ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಆ ಒಂದು ಹಿಮನದಿಯಾಗಿ ಸ್ವಿಟ್ಜರ್ಲೆಂಡಿನ ಅಲೆಚ್ ಹಿಮನದಿಯನ್ನು ಸೂಚಿಸುತ್ತೇನೆ.

ಅಲೆಚ್ ಆಲ್ಪ್ಸ್‌ನ ಅತ್ಯಂತ ಉದ್ದದ ಹಿಮನದಿ. ಉದ್ದ ಸುಮಾರು 20 ಕಿಲೋಮೀಟರ್. ಮೇಲ್ಭಾಗದಲ್ಲಿ ಕೊಂಕಾರ್ಡಿಯಾಪ್ಲಾಟ್ಸ್ ಎಂಬ ವಿಶಾಲ ಸಂಗಮವಿದ್ದು, ಅಲ್ಲಿ ಮಂಜುಗಡ್ಡೆಯ ದಪ್ಪ ಸುಮಾರು 800 ಮೀಟರ್ ಇದೆ. ಇದನ್ನು ಒಳಗೊಂಡ ಪ್ರದೇಶವನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗೆ ಇದರಿಂದ ಆಗುವ ದೊಡ್ಡ ಅನುಕೂಲವೆಂದರೆ, ಹಿಮನದಿ ಹುಟ್ಟುವ ತುದಿಯನ್ನು ಉತ್ತರದ ಕಡೆಯಿಂದ ರೈಲಿನಲ್ಲಿ ಏರಿಯೂ, ಅದು ಬಾಗಿ ಕಣಿವೆಗೆ ಇಳಿಯುವ ಭಾಗವನ್ನು ದಕ್ಷಿಣದ ಕಡೆಯಿಂದ ಕೇಬಲ್ ಕಾರಿನಲ್ಲಿ ಏರಿಯೂ ನೋಡಬಹುದು. ಪರ್ವತಾರೋಹಣದ ಅನುಭವವಿಲ್ಲದ ಸಾಮಾನ್ಯ ಕುಟುಂಬವೂ ಇದನ್ನು ಮಾಡಬಹುದು.

ಯೋಜನೆಯಲ್ಲಿ ಮೊದಲು ನಿರ್ಧಾರವಾಗಬೇಕಾದದ್ದು ತಿಂಗಳು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಮಕ್ಕಳಿಗೆ ರಜೆಯೂ ಇರುತ್ತದೆ, ಆದ್ದರಿಂದ ತಂಪಿನ ಊರಿಗೆ ಹೋಗಬೇಕೆನಿಸುವುದು ಸಹಜ. ಆದರೆ ಹಿಮನದಿಯನ್ನು ನೋಡುವುದಕ್ಕೆ ಅದು ಒಳ್ಳೆಯ ಸಮಯವಲ್ಲ. ಚಳಿಗಾಲದಲ್ಲಿ ಬಿದ್ದ ಹಿಮ ಆಗ ಇನ್ನೂ ಕರಗಿರುವುದಿಲ್ಲ. ಮಂಜುಗಡ್ಡೆ, ಅದರ ಬಿರುಕುಗಳು, ಕಲ್ಲುಮಣ್ಣಿನ ಪಟ್ಟೆಗಳು ಎಲ್ಲವೂ ಬಿಳಿ ಹೊದಿಕೆಯ ಕೆಳಗೆ ಅಡಗಿರುತ್ತವೆ, ನಡೆಯುವ ಹಾದಿಗಳು ಮುಚ್ಚಿರುತ್ತವೆ, ಚಳಿಗಾಲದ ಹಂಗಾಮು ಮುಗಿದು ಬೇಸಿಗೆಯದು ಆರಂಭವಾಗುವ ನಡುವೆ ಅನೇಕ ಕೇಬಲ್ ಕಾರುಗಳನ್ನು ದುರಸ್ತಿಗಾಗಿ ವಾರಗಟ್ಟಲೆ ನಿಲ್ಲಿಸಿರುತ್ತಾರೆ. ಹೊಸ ಹಿಮ ಕರಗಿ ಹಳೆಯ ಮಂಜುಗಡ್ಡೆ ಬಯಲಾಗುವುದು ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಹಿಮನದಿ ತನ್ನ ನಿಜರೂಪದಲ್ಲಿ ಕಾಣುವುದು ಆಗಲೇ.

ಜುಲೈ, ಆಗಸ್ಟ್ ತಿಂಗಳಲ್ಲಿ ಯುರೋಪಿನವರದೇ ರಜೆ ಇರುವುದರಿಂದ ಜನಸಂದಣಿ ಹೆಚ್ಚು, ಕೋಣೆಗಳ ಬಾಡಿಗೆಯೂ ಹೆಚ್ಚು. ಆದ್ದರಿಂದ ನಮ್ಮ ಭಾಗದವರಿಗೆ ಸೆಪ್ಟೆಂಬರ್ ಒಳ್ಳೆಯದು. ಒಕ್ಕಲುತನದ ಕುಟುಂಬಗಳು ಹೆಸರು ರಾಶಿ ಮುಗಿಸಿಕೊಂಡು, ಹಿಂಗಾರಿ ಜೋಳದ ಬಿತ್ತನೆ ಭರದಿಂದ ಸಾಗುವ ಮುನ್ನ, ಸೆಪ್ಟೆಂಬರ್ ಮೊದಲೆರಡು ವಾರಗಳಲ್ಲಿ ಹೋಗಿಬರಬಹುದು. ಶಾಲೆಗೆ ಹೋಗುವ ಮಕ್ಕಳಿರುವವರು ಮತ್ತು ಶಿಕ್ಷಕರು ದಸರಾ ರಜೆಯನ್ನು ಬಳಸಿಕೊಳ್ಳಬಹುದು. ಆ ಹೊತ್ತಿಗೆ ಅಲ್ಲಿ ಶರದೃತು ಆರಂಭವಾಗಿ ಲಾರ್ಚ್ ಮರಗಳು ಹಳದಿಯಾಗತೊಡಗಿರುತ್ತವೆ. ಆದರೆ ಅಕ್ಟೋಬರ್ ಸಾಗಿದಂತೆ ಕೇಬಲ್ ಕಾರುಗಳು ಒಂದೊಂದಾಗಿ ನಿಲ್ಲುವುದರಿಂದ, ದಸರೆ ತಡವಾಗಿ ಬರುವ ವರ್ಷದಲ್ಲಿ ವಿಮಾನದ ಟಿಕೆಟ್ ತೆಗೆಯುವ ಮುನ್ನ ಆ ವರ್ಷದ ಸಂಚಾರದ ದಿನಾಂಕಗಳನ್ನು ಅವುಗಳ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳುವುದು ಕಡ್ಡಾಯ. ಮಕ್ಕಳು ಹಿಮದಲ್ಲಿ ಆಡಬೇಕೆಂದು ಹಟ ಹಿಡಿದರೆ ಚಿಂತೆ ಬೇಡ. ಹಿಮನದಿಯ ಮೇಲ್ತುದಿಯಲ್ಲಿರುವ ರೈಲು ನಿಲ್ದಾಣವಾದ ಯುಂಗ್‌ಫ್ರಾಯೋಕ್‌ನಲ್ಲಿ ವರ್ಷವಿಡೀ ಹಿಮ ಸಿಗುತ್ತದೆ.

ಸೆಪ್ಟೆಂಬರ್ ಪ್ರವಾಸಕ್ಕೆ ಏಪ್ರಿಲ್‌ನಲ್ಲಿಯೇ ಕಾಗದಪತ್ರಗಳ ಕೆಲಸ ಆರಂಭಿಸಬೇಕು. ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಅನೇಕ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಪ್ರಾಯೋಗಿಕವಾಗಿ ಎರಡು–ಮೂರು ತಿಂಗಳು ಮೊದಲೇ ಕೊಡುವುದು ಕ್ಷೇಮ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಮರಳುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಹೆಚ್ಚು ರಾತ್ರಿಗಳನ್ನು ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬುದು ನಿಯಮ, ಆದ್ದರಿಂದ ವಿಮಾನ ಜರ್ಮನಿಯಲ್ಲಿ ಇಳಿದರೂ ವಾಸ್ತವ್ಯ ಸ್ವಿಟ್ಜರ್ಲೆಂಡಿನಲ್ಲಿದ್ದರೆ ಅರ್ಜಿ ಸ್ವಿಟ್ಜರ್ಲೆಂಡಿಗೇ ಹೋಗಬೇಕು. ಬೆರಳಚ್ಚು ಕೊಡುವುದಕ್ಕೆ ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ.

ಕೃಷಿ ಆದಾಯವನ್ನೇ ನೆಚ್ಚಿಕೊಂಡವರು ವೀಸಾ ಕೇಳುವಾಗ ಹಿಂಜರಿಯುವುದನ್ನು ಕಂಡಿದ್ದೇನೆ, ಹಿಂಜರಿಯಬೇಕಾದ ಕಾರಣವಿಲ್ಲ. ಬ್ಯಾಂಕ್ ಖಾತೆಯ ವಿವರದ ಜೊತೆಗೆ ಪಹಣಿ, ಎಪಿಎಂಸಿಯಲ್ಲಿ ತೊಗರಿ ಮಾರಿದ ಪಟ್ಟಿಗಳು, ಆದಾಯ ತೆರಿಗೆ ವಿವರ ಸಲ್ಲಿಸಿದ್ದರೆ ಅದರ ಪ್ರತಿ, ಇವೆಲ್ಲವನ್ನೂ ಇಂಗ್ಲಿಷ್ ಅನುವಾದದೊಂದಿಗೆ ಜೋಡಿಸಿ, ಹಣ ಎಲ್ಲಿಂದ ಬಂತು, ಊರಿಗೆ ಮರಳಲು ಏನು ಕಾರಣವಿದೆ ಎಂಬುದನ್ನು ಒಂದು ಪುಟದ ಪತ್ರದಲ್ಲಿ ಸ್ಪಷ್ಟವಾಗಿ ಬರೆದುಕೊಡಬೇಕು. ವೀಸಾಕ್ಕೆ ಅರ್ಜಿ ಹಾಕುವ ವಾರವೇ ಖಾತೆಗೆ ದೊಡ್ಡ ಮೊತ್ತ ಜಮೆ ಮಾಡಿದರೆ ಅನುಮಾನ ಹುಟ್ಟುತ್ತದೆ, ಅದನ್ನು ಮಾಡಬಾರದು.

ಹೊರಡುವ ದಾರಿಗಳು ಎರಡು. ಕಲಬುರಗಿಯಿಂದ ರಾತ್ರಿ ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಜ್ಯೂರಿಕ್‌ಗೆ ನೇರ ವಿಮಾನ ಹಿಡಿಯುವುದು ಒಂದು. ಬೀದರ್, ಯಾದಗಿರಿಯವರಿಗೂ ಕಲಬುರಗಿಯವರಿಗೂ ರಸ್ತೆಯಲ್ಲಿ ನಾಲ್ಕೈದು ತಾಸಿನೊಳಗೆ ಸಿಗುವ ಹೈದರಾಬಾದ್‌ನಿಂದ ಫ್ರಾಂಕ್‌ಫರ್ಟ್ ಅಥವಾ ಕೊಲ್ಲಿ ದೇಶಗಳ ಮೂಲಕ ಹೋಗುವುದು ಇನ್ನೊಂದು. ವಯಸ್ಸಾದವರು ಜೊತೆಗಿದ್ದರೆ ವಿಮಾನ ಬದಲಿಸುವ ತೊಂದರೆಯಿಲ್ಲದ ಮೊದಲನೆಯದೇ ಹಗುರ.

ಇನ್ನು ದಿನಗಳ ಹಂಚಿಕೆ. ಜ್ಯೂರಿಕ್‌ನಿಂದ ಬರ್ನ್ ಮೂಲಕ, 2007ರಲ್ಲಿ ತೆರೆದ, ಸುಮಾರು 35 ಕಿಲೋಮೀಟರ್ ಉದ್ದದ ಲೋಚ್‌ಬೆರ್ಗ್ ಸುರಂಗವನ್ನು ಹಾದು ರೈಲು ಬ್ರಿಗ್ ಪಟ್ಟಣಕ್ಕೆ ತಲುಪುತ್ತದೆ. ಬ್ರಿಗ್ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಬೀದರ್‌ನಷ್ಟೇ ಎತ್ತರದಲ್ಲಿದೆ, ಹೀಗಾಗಿ ಮೊದಲ ರಾತ್ರಿ ಅಲ್ಲಿ ಮಲಗಿದರೆ ಮೈಗೆ ಯಾವ ಶ್ರಮವೂ ಇಲ್ಲ. ಮರುದಿನ ಕಿರುಗೇಜಿನ ರೈಲಿನಲ್ಲಿ ಬೆಟ್ಟೆನ್ ನಿಲ್ದಾಣಕ್ಕೆ ಹೋಗಿ, ಕೇಬಲ್ ಕಾರ್ ಹತ್ತಿದರೆ ಬೆಟ್ಮೆರಾಲ್ಪ್ ಎಂಬ ಹಳ್ಳಿ. ಎತ್ತರ ಸುಮಾರು 1,950 ಮೀಟರ್. ಇಲ್ಲಿಗೆ ಕಾರು, ಬಸ್ಸು ಬರುವುದಿಲ್ಲ. ಇಲ್ಲಿ ಮೂರು ರಾತ್ರಿ ಉಳಿಯಬೇಕು. ಪಕ್ಕದ ರೀಡೆರಾಲ್ಪ್ ಸಹ ಇಂತಹದೇ ಊರು, ಯಾವುದಾದರೂ ಸರಿ. ನಂತರ ಕೆಳಗಿಳಿದು, ರೈಲಿನಲ್ಲಿ ಪರ್ವತಸಾಲಿನ ಆಚೆ ಬದಿಗೆ ಬಂದು, ಗ್ರಿಂಡೆಲ್‌ವಾಲ್ಡ್ ಅಥವಾ ಲೌಟರ್‌ಬ್ರುನೆನ್‌ನಲ್ಲಿ ಇನ್ನು ಮೂರು ರಾತ್ರಿ. ಕೊನೆಯ ರಾತ್ರಿ ಜ್ಯೂರಿಕ್. ಈ ಅನುಕ್ರಮವನ್ನು ತಿರುಗುಮುರುಗು ಮಾಡಬಾರದೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಸುಮಾರು 2,000 ಮೀಟರ್ ಎತ್ತರದಲ್ಲಿ ಮೂರು ರಾತ್ರಿ ಮಲಗಿದ ದೇಹ ಆಮೇಲೆ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಕ್ ನಿಲ್ದಾಣವನ್ನು ಹೆಚ್ಚು ಸುಲಭವಾಗಿ ತಡೆದುಕೊಳ್ಳುತ್ತದೆ.

ಬೆಟ್ಮೆರಾಲ್ಪ್‌ನಿಂದ ಮತ್ತೊಂದು ಕೇಬಲ್ ಕಾರ್ ಬೆಟ್ಮೆರ್‌ಹಾರ್ನ್ ಶಿಖರದ ಹತ್ತಿರ, 2,647 ಮೀಟರ್ ಎತ್ತರದಲ್ಲಿರುವ ನಿಲ್ದಾಣಕ್ಕೆ ಒಯ್ಯುತ್ತದೆ. ಮೇಲಿನ ನಿಲ್ದಾಣದಿಂದ ಹೊರಬಂದು ಹಿಮನದಿಯ ದಡದ ನೋಟದ ಕಟ್ಟೆಗೆ ಹೋದಾಗ ಮೊದಲ ಹತ್ತು ನಿಮಿಷ ಫೋಟೊ ತೆಗೆಯದೆ ಸುಮ್ಮನೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಇಡೀ ಹಿಮನದಿಯ ಉದ್ದಕ್ಕೂ ಎರಡು ಕಪ್ಪು ಪಟ್ಟೆಗಳು ಒಂದಕ್ಕೊಂದು ಸಮಾನಾಂತರವಾಗಿ, ಬಾಗಿನಲ್ಲಿ ತಾವೂ ಬಾಗಿ, ಸಾಗಿರುವುದು ಕಾಣುತ್ತದೆ. ಮೇಲೆ ಕೊಂಕಾರ್ಡಿಯಾಪ್ಲಾಟ್ಸ್‌ನಲ್ಲಿ ಮೂರು ದೊಡ್ಡ ಹಿಮಪ್ರವಾಹಗಳು ಕೂಡುತ್ತವೆ. ಎರಡು ಪ್ರವಾಹಗಳ ನಡುವಿನ ಬೆಟ್ಟದಿಂದ ಉದುರಿದ ಕಲ್ಲುಮಣ್ಣು ಅವು ಕೂಡಿದ ಮೇಲೆ ನಡುವೆ ಸಿಕ್ಕಿಕೊಂಡು ಪಟ್ಟೆಯಾಗಿ ಕೆಳಗೆ ಸಾಗಿ ಬರುತ್ತದೆ. ಒಂದು ಪಟ್ಟೆ ಕ್ರಾನ್ಸ್‌ಬೆರ್ಗ್ ಬೆಟ್ಟದ್ದು, ಇನ್ನೊಂದು ಟ್ರೂಗ್‌ಬೆರ್ಗ್ ಬೆಟ್ಟದ್ದು. ಈ ಎರಡು ಪಟ್ಟೆಗಳ ನಡುವಿನ ಮಂಜುಗಡ್ಡೆ ಇಳಿದು ಬಂದಿರುವುದು ಯುಂಗ್‌ಫ್ರಾಯೋಕ್‌ನ ಕೆಳಗಿನ ಹಿಮಬಯಲಿನಿಂದ. ಮೂರು ದಿನಗಳ ನಂತರ ನೀವು ನಿಲ್ಲಲಿರುವುದು ಅದೇ ಬಯಲಿನ ಮೇಲ್ತುದಿಯಲ್ಲಿ. ಇದನ್ನು ಮಕ್ಕಳಿಗೆ ಇಲ್ಲಿಯೇ ತೋರಿಸಿ ಹೇಳಿಟ್ಟರೆ, ಅಲ್ಲಿಗೆ ಹೋದಾಗ ಅವರೇ ಗುರುತು ಹಿಡಿಯುತ್ತಾರೆ.

ಬಾಗಿನ ಹೊರಬದಿಯಲ್ಲಿ ಬಿರುಕುಗಳನ್ನು ಗಮನಿಸಬೇಕು. ಬೇಸಿಗೆಯಲ್ಲಿ ನಮ್ಮ ಎರೆಹೊಲಗಳು ಬಾಯಿಬಿಡುವ ಹಾಗೆಯೇ ಮಂಜುಗಡ್ಡೆಯ ಮೇಲ್ಪದರವೂ ಬಾಯಿಬಿಟ್ಟಿರುತ್ತದೆ, ಆದರೆ ಕಾರಣ ಬೇರೆ: ಆಳದ ಮಂಜುಗಡ್ಡೆ ಒತ್ತಡದಿಂದ ಮೆಲ್ಲಗೆ ಹರಿಯುತ್ತಿರುವಾಗ ಮೇಲಿನ ಪೆಡಸಾದ ಪದರ ಎಳೆತ ತಡೆಯದೆ ಸೀಳುತ್ತದೆ. ಆಮೇಲೆ ಎದುರು ದಡದ ಬಂಡೆಯನ್ನು ನೋಡಿ. ಮಂಜುಗಡ್ಡೆಯಿಂದ ಬಹಳ ಮೇಲಿನವರೆಗೆ ಬಂಡೆ ಬೋಳಾಗಿ, ತಿಳಿಬಣ್ಣದಲ್ಲಿದ್ದು, ಒಂದು ಗೆರೆಯ ಮೇಲೆ ಮಾತ್ರ ಹುಲ್ಲು, ಪೊದೆ ಬೆಳೆದಿರುತ್ತದೆ. 1850ರ ದಶಕದಲ್ಲಿ ಹಿಮನದಿ ತುಂಬಿ ನಿಂತಿದ್ದ ಮಟ್ಟ ಆ ಗೆರೆ. ಅಂದಿನಿಂದ ಅದು ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಮಂಜುಗಡ್ಡೆಯ ಸುಮಾರು ಶೇ 10ರಷ್ಟನ್ನು ಕಳೆದುಕೊಂಡವು. 1678ರಲ್ಲಿ ಈ ಕಣಿವೆಯ ಜನ, ಬೆಳೆಯುತ್ತಿದ್ದ ಹಿಮನದಿ ತಮ್ಮ ಹೊಲಮನೆಗಳಿಗೆ ಅನಾಹುತ ತರದಿರಲೆಂದು ದೇವರಿಗೆ ಹರಕೆ ಹೊತ್ತಿದ್ದರು. 2010ರಲ್ಲಿ ಅವರ ವಂಶಸ್ಥರು ಪೋಪ್ ಅವರ ಅನುಮತಿ ಪಡೆದು ಆ ಪ್ರಾರ್ಥನೆಯನ್ನು ಹಿಮನದಿ ಕರಗದಿರಲೆಂದು ಬದಲಿಸಿಕೊಂಡರು.

ಎರಡನೆಯ ದಿನ ನಡಿಗೆಗೆ. ಮೂಸ್‌ಫ್ಲೂ ಎಂಬ ಕೇಬಲ್ ಕಾರ್ ನಿಲ್ದಾಣದಿಂದ ಇಳಿಯುತ್ತ ರೀಡರ್‌ಫುರ್ಕಾ ಕಡೆಗೆ ಬಂದರೆ 1933ರಿಂದ ಸಂರಕ್ಷಿಸಲ್ಪಟ್ಟ ಅಲೆಚ್ ಕಾಡು ಸಿಗುತ್ತದೆ. ಅಲ್ಲಿನ ಪೈನ್ ಮರಗಳಲ್ಲಿ ಕೆಲವು ನೂರಾರು ವರ್ಷ ಹಳೆಯವು. ಹಾದಿಗಳ ಗುರುತನ್ನು ಮೊದಲೇ ತಿಳಿದಿರಬೇಕು: ಹಳದಿ ಫಲಕ ಸಾಮಾನ್ಯ ನಡಿಗೆಯ ಹಾದಿ, ಬಿಳಿ–ಕೆಂಪು–ಬಿಳಿ ಪಟ್ಟೆ ಕಡಿದಾದ ಬೆಟ್ಟದ ಹಾದಿ, ಬಿಳಿ–ನೀಲಿ–ಬಿಳಿ ಪಟ್ಟೆ ಪರಿಣತರಿಗೆ ಮಾತ್ರ. ಹಿಮನದಿಯ ಮೇಲೆಯೇ ಕಾಲಿಡುವ ಆಸೆಯಿದ್ದವರು ಫಿಯೆಶರಾಲ್ಪ್ ಕಡೆಯಿಂದ ಹೊರಡುವ ಮಾರ್ಗದರ್ಶಕರ ತಂಡದಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಬೇಕು. ಅವರು ಹಗ್ಗದಿಂದ ಎಲ್ಲರನ್ನೂ ಒಂದಕ್ಕೊಂದು ಕಟ್ಟಿ, ಅಗತ್ಯವಿದ್ದಲ್ಲಿ ಬೂಟಿನ ಕೆಳಗೆ ಕಬ್ಬಿಣದ ಮುಳ್ಳುಗಳನ್ನು ತೊಡಿಸಿ ಕರೆದೊಯ್ಯುತ್ತಾರೆ. ಮಾರ್ಗದರ್ಶಕರಿಲ್ಲದೆ ಒಂದು ಹೆಜ್ಜೆಯನ್ನೂ ಮಂಜುಗಡ್ಡೆಯ ಮೇಲೆ ಇಡಬಾರದು. ಗಟ್ಟಿಯಾಗಿ ಕಾಣುವ ಹಿಮದ ತೆಳು ಹೊದಿಕೆಯ ಕೆಳಗೆ ಹತ್ತಾರು ಮೀಟರ್ ಆಳದ ಸೀಳಿರಬಹುದು.

ಮುಚ್ಚಿದ ಹಾದಿಯ ಫಲಕ ಕಂಡರೆ ಹಿಂದಿರುಗುವುದೊಂದೇ ಉತ್ತರ. 2022ರ ಜುಲೈ 3ರಂದು ಇಟಲಿಯ ಮಾರ್ಮೊಲಾಡಾದಲ್ಲಿ ಹಿಮನದಿಯ ಒಂದು ಭಾಗ ಕುಸಿದು 11 ಜನ ಪರ್ವತಾರೋಹಿಗಳು ಸತ್ತರು. 2025ರ ಮೇ 28ರಂದು, ಅಲೆಚ್‌ಗೆ ಹತ್ತಿರದ ಲೋಚೆನ್ ಕಣಿವೆಯಲ್ಲಿ, ಮೇಲಿನ ಬೆಟ್ಟದ ಬಂಡೆಗಳು ಬಿರ್ಶ್ ಹಿಮನದಿಯ ಮೇಲೆ ಉರುಳಿ, ಆ ಭಾರಕ್ಕೆ ಹಿಮನದಿಯೇ ಜಾರಿ ಬ್ಲಾಟೆನ್ ಹಳ್ಳಿಯ ಬಹುಭಾಗವನ್ನು ಮುಚ್ಚಿಹಾಕಿತು. ಅಧಿಕಾರಿಗಳ ಸೂಚನೆಯಂತೆ ಸುಮಾರು 300 ನಿವಾಸಿಗಳು ಕೆಲವು ದಿನ ಮೊದಲೇ ಊರು ಬಿಟ್ಟಿದ್ದರಿಂದ ದೊಡ್ಡ ಪ್ರಾಣಹಾನಿ ತಪ್ಪಿತು. ಅಲ್ಲಿನ ಎಚ್ಚರಿಕೆಗಳಿಗೆ ಇಷ್ಟು ತೂಕವಿದೆ. ಈ ಪ್ರಾಂತದಲ್ಲಿ ತುರ್ತು ನೆರವಿಗೆ 144ಕ್ಕೆ ಕರೆ ಮಾಡಬೇಕು. ಹೆಲಿಕಾಪ್ಟರ್ ರಕ್ಷಣೆ ಅಲ್ಲಿ ಸಾಮಾನ್ಯ, ಆದರೆ ಬಹಳ ದುಬಾರಿ, ಆದ್ದರಿಂದ ವಿಮೆ ಕೊಳ್ಳುವಾಗ ಅದು ಹೆಲಿಕಾಪ್ಟರ್ ರಕ್ಷಣೆಯನ್ನೂ ಎತ್ತರದ ಪ್ರದೇಶದ ಮಾರ್ಗದರ್ಶಿತ ನಡಿಗೆಯನ್ನೂ ಒಳಗೊಂಡಿದೆಯೇ ಎಂದು ಸಣ್ಣ ಅಕ್ಷರಗಳನ್ನೂ ಓದಿ ಖಚಿತಪಡಿಸಿಕೊಳ್ಳಬೇಕು.

ನಮ್ಮ ಟೂರ್ ಕಂಪನಿಗಳು ಜಂಗ್‌ಫ್ರಾ ಎಂದು ಬರೆಯುವ ಯುಂಗ್‌ಫ್ರಾಯೋಕ್, ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ. ಐಗರ್ ಪರ್ವತದ ಹೊಟ್ಟೆಯೊಳಗೆ ಸುರಂಗ ಕೊರೆದು ನಿರ್ಮಿಸಿದ ಈ ರೈಲುಮಾರ್ಗ 1912ರಲ್ಲಿ ಪೂರ್ಣಗೊಂಡಿತು. ಗ್ರಿಂಡೆಲ್‌ವಾಲ್ಡ್‌ನಿಂದ 2020ರಲ್ಲಿ ಆರಂಭವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರಿನಲ್ಲಿ ಅರ್ಧದಾರಿ ಏರಿ ರೈಲು ಹಿಡಿದರೆ ಸಮಯ ಉಳಿಯುತ್ತದೆ. ಯುಂಗ್‌ಫ್ರಾಯೋಕ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು ಮಾತ್ರ. ಕಲಬುರಗಿಯಂತಹ, 450 ಮೀಟರ್ ಆಸುಪಾಸಿನ ಬಯಲಿನಲ್ಲಿ ಬದುಕಿದವರಿಗೆ ತಲೆನೋವು, ಏದುಸಿರು, ಓಕರಿಕೆ ಬರುವುದು ಅಸಹಜವಲ್ಲ. ಓಡಬಾರದು, ಮೆಟ್ಟಿಲನ್ನು ನಿಂತು ನಿಂತು ಏರಬೇಕು, ನೀರು ಆಗಾಗ ಕುಡಿಯಬೇಕು. ತಲೆನೋವು ಜೋರಾದರೆ ಮಾತ್ರೆ ನುಂಗಿ ಕೂರದೆ ಮುಂದಿನ ರೈಲಿನಲ್ಲಿ ಕೆಳಗಿಳಿಯಬೇಕು. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು, ಹಸುಗೂಸಿನ ತಾಯಂದಿರು ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕೇಳಬೇಕು. ಇಂತಹ ಹಿರಿಯರೊಬ್ಬರು ಮನೆಯಲ್ಲಿದ್ದರೆ, ಬೆಟ್ಮೆರ್‌ಹಾರ್ನ್‌ನ ನೋಟವೇ ಅವರಿಗೆ ಸಾಕು. ಹಿಮನದಿಯನ್ನು ಅರಿಯುವುದಕ್ಕೆ ಅದು ಯುಂಗ್‌ಫ್ರಾಯೋಕ್‌ಗಿಂತ ಒಂದು ಕೈ ಮೇಲು.

ಉಡುಪಿನ ವಿಷಯದಲ್ಲಿ ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳುವಾದ ಪದರಗಳು ಮೇಲು: ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕೂ ಮೇಲೆ ಗಾಳಿ, ಮಳೆ ತಡೆಯುವ ಜಾಕೆಟ್. ಬೇಸಿಗೆಯಲ್ಲೂ ಯುಂಗ್‌ಫ್ರಾಯೋಕ್‌ನಲ್ಲಿ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಸೀರೆ ಬಿಡಲೊಲ್ಲದ ನಮ್ಮ ಹಿರಿಯ ತಾಯಂದಿರು ಒಳಗೆ ಥರ್ಮಲ್ ಪ್ಯಾಂಟ್ ಮತ್ತು ಉಣ್ಣೆಯ ಕಾಲುಚೀಲ ಧರಿಸಿ, ಸೀರೆಯನ್ನು ತುಸು ಮೇಲಕ್ಕೆ ಉಟ್ಟರೆ ಅಂಚು ಹಿಮದಲ್ಲಿ ತೊಯ್ಯುವುದಿಲ್ಲ. ಚಪ್ಪಲಿ ಮಾತ್ರ ಖಂಡಿತ ಬೇಡ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳ ಶೇ 80ರಷ್ಟನ್ನು ಮರಳಿ ಮುಖಕ್ಕೆ ಎರಚುವುದರಿಂದ, ಒಳ್ಳೆಯ ಕಪ್ಪು ಕನ್ನಡಕ ಪ್ರತಿಯೊಬ್ಬರಿಗೂ, ಮಕ್ಕಳಿಗೂ ಬೇಕು. ಬೂಟುಗಳನ್ನು ಎರಡು ತಿಂಗಳು ಮೊದಲೇ ಕೊಂಡು ಇಲ್ಲಿಯೇ ಪಳಗಿಸಬೇಕು. ಅಪ್ಪನ ಕೆರೆಯ ಸುತ್ತ ನಡೆಯುವುದು ಆರಂಭಕ್ಕೆ ಸರಿ, ಆದರೆ ಸಮತಟ್ಟಿನ ನಡಿಗೆಯಿಂದ ಮೊಣಕಾಲು ಇಳಿಜಾರಿಗೆ ಸಿದ್ಧವಾಗುವುದಿಲ್ಲ. ರವಿವಾರಗಳಂದು ಯಾದಗಿರಿ ಕೋಟೆಯ ಗುಡ್ಡವನ್ನು ಆ ಬೂಟಿನಲ್ಲೇ ಹತ್ತಿ ಇಳಿಯುವುದು ಇದಕ್ಕಿಂತ ಉಪಯುಕ್ತ.

ಊಟಕ್ಕೆ ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿಯುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಬೇಗ ಕೆಡುವುದಿಲ್ಲ, ಕೊಂಡೊಯ್ಯಬಹುದು. ಆದರೆ ಭಾರತದಿಂದ ಹಾಲಿನ ಉತ್ಪನ್ನ ಮತ್ತು ಮಾಂಸ ಒಯ್ಯುವುದನ್ನು ಅಲ್ಲಿ ನಿಷೇಧಿಸಲಾಗಿದೆ, ಅಂದರೆ ತುಪ್ಪ, ಪೇಡೆ, ಖವಾದ ಸಿಹಿ ಯಾವುದೂ ಚೀಲದಲ್ಲಿರಬಾರದು. ನಿಂಬೆ, ಮಾವು, ಹಸಿ ಕರಿಬೇವು ಕೂಡ. ಶುದ್ಧ ಸಸ್ಯಾಹಾರಿಗಳು ಎರಡು ಸಂಗತಿ ತಿಳಿದಿರಬೇಕು. ಚೀಸ್ ಕರಗಿಸಿ ಮಾಡುವ ಫಾಂಡ್ಯೂದಲ್ಲಿ ಬಿಳಿ ವೈನ್ ಬೆರೆಸುತ್ತಾರೆ, ಗ್ರುಯೇರ್‌ನಂತಹ ಸಾಂಪ್ರದಾಯಿಕ ಚೀಸುಗಳನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ತಯಾರಿಸುತ್ತಾರೆ. ಆಲೂಗಡ್ಡೆಯ ರೋಸ್ಟಿ ಬಹಳ ರುಚಿ, ಹಂದಿಮಾಂಸದ ತುಣುಕು ಹಾಕಬೇಡಿರೆಂದು ಮೊದಲೇ ಹೇಳಬೇಕು. ನಲ್ಲಿಯ ನೀರು ಕುಡಿಯಲು ಯೋಗ್ಯ. ಭಾನುವಾರ ಪಟ್ಟಣಗಳ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಡಬೇಕು.

ಅಲ್ಲಿನ ಹಣ ಯುರೋ ಅಲ್ಲ, ಸ್ವಿಸ್ ಫ್ರಾಂಕ್. ರೈಲುಗಳಿಗೆ ಎರಡು ಬಗೆಯ ಪಾಸುಗಳಿವೆ. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ಸಾಮಾನ್ಯ ರೈಲು, ಬಸ್ಸು, ದೋಣಿಗಳೆಲ್ಲ ಉಚಿತ, ಆದರೆ ಯುಂಗ್‌ಫ್ರಾಯೋಕ್‌ಗೆ ಕಾಲುಭಾಗ ಮಾತ್ರ ರಿಯಾಯಿತಿ. ಒಂದು ತಿಂಗಳ ಹಾಫ್ ಫೇರ್ ಕಾರ್ಡ್‌ನಲ್ಲಿ ಯುಂಗ್‌ಫ್ರಾಯೋಕ್ ಸೇರಿ ಬಹುತೇಕ ಎಲ್ಲಕ್ಕೂ ಅರ್ಧ ದರ. ಯುಂಗ್‌ಫ್ರಾಯೋಕ್‌ನ ಪೂರ್ಣ ದರ ಕೆಳಗಿನ ಇಂಟರ್‌ಲಾಕೆನ್ ಪಟ್ಟಣದಿಂದ 200 ಫ್ರಾಂಕ್ ದಾಟುವುದರಿಂದ, ಮುಖ್ಯವಾಗಿ ಎರಡೇ ನೆಲೆಗಳಲ್ಲಿ ಉಳಿಯುವ ಈ ಯೋಜನೆಗೆ ಹಾಫ್ ಫೇರ್ ಕಾರ್ಡ್ ಸಾಮಾನ್ಯವಾಗಿ ಅಗ್ಗವಾಗುತ್ತದೆ. ಆದರೂ ಎರಡನ್ನೂ ಕಾಗದದ ಮೇಲೆ ಲೆಕ್ಕ ಹಾಕಿಯೇ ಕೊಳ್ಳಬೇಕು.

ಯುಂಗ್‌ಫ್ರಾಯೋಕ್ ಟಿಕೆಟನ್ನು ಊರಿನಿಂದಲೇ ದಿನ ಗೊತ್ತುಪಡಿಸಿ ಕೊಳ್ಳುವ ಆತುರ ಬೇಡ. ಗ್ರಿಂಡೆಲ್‌ವಾಲ್ಡ್‌ನಲ್ಲಿ ಎರಡು ಪೂರ್ತಿ ದಿನ ಇಟ್ಟುಕೊಂಡಿರುವುದೇ ಹವೆಯನ್ನು ನೋಡಿ ನಿರ್ಧರಿಸಲೆಂದು. ಹಿಂದಿನ ರಾತ್ರಿ ಮುನ್ಸೂಚನೆ ನೋಡಿ, ಬೆಳಗ್ಗೆ ಎದ್ದೊಡನೆ ಮೇಲಿನ ನಿಲ್ದಾಣದ ನೇರ ಕ್ಯಾಮೆರಾ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, ಆಕಾಶ ತಿಳಿಯಾಗಿದ್ದರೆ ಮೊದಲ ರೈಲುಗಳಲ್ಲೇ ಹೊರಡಬೇಕು, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಮೋಡ ಏರುವುದು ಸಾಮಾನ್ಯ. ಬೆಟ್ಮೆರಾಲ್ಪ್‌ನ ಮೂರು ದಿನಗಳಲ್ಲಿ ಒಂದು ದಿನ ಮಳೆಗೆ ಹೋದರೆ, ಕೆಳಗಿಳಿದು ಬ್ರಿಗ್ ಪಕ್ಕದ ನಾಟರ್ಸ್‌ನಲ್ಲಿರುವ ವಿಶ್ವ ಪರಂಪರೆಯ ಪ್ರದರ್ಶನ ಕೇಂದ್ರವನ್ನು ನೋಡಿ, ಅಲೆಚ್‌ನಿಂದ ಹರಿದು ಬರುವ ಮಾಸ್ಸಾ ಹೊಳೆ ರೋನ್ ನದಿಯನ್ನು ಸೇರುವ ಜಾಗದವರೆಗೆ ನಡೆದು ಬರಬಹುದು. ಮಳೆಯನ್ನೇ ನಂಬಿದ ನಮ್ಮ ಭೀಮೆ ಬೇಸಿಗೆಯಲ್ಲಿ ಸೊರಗಿದರೆ, ಮಂಜುಗಡ್ಡೆ ಕರಗಿದ ನೀರಿನಿಂದ ತುಂಬುವ ಈ ನದಿ ಅಲ್ಲಿ ಬಿಸಿಲೇರಿದ ತಿಂಗಳುಗಳಲ್ಲೇ ಉಕ್ಕಿ ಹರಿಯುತ್ತದೆ. ಬಂಡೆಯ ಹುಡಿ ಬೆರೆತು ಬೂದು ಬಣ್ಣಕ್ಕೆ ತಿರುಗಿದ ಆ ನೀರನ್ನು ಕೈಯಲ್ಲಿ ತೆಗೆದುಕೊಳ್ಳುವ ಆಸೆಯಾದರೂ ದಂಡೆಯಿಂದ ಕೆಳಗಿಳಿಯಬಾರದು, ಏಕೆಂದರೆ ಮೇಲಿನ ವಿದ್ಯುತ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯ ಮಟ್ಟ ಒಮ್ಮೆಲೇ ಏರಬಹುದು.